ತಿಗರಿಗೆ ಮೂರು ಹೆಜ್ಜೆ

"ಗುರುಗಳೇ, ಹೆಣ್ಣನ್ನು ಗಂಡಿಗೆ ಸಮನಾಗಿ ಕಾಣುವುದರಲ್ಲಿ ಯಾವ ದೇಶ ಮುಂದು, ಯಾವ ದೇಶ ಹಿಂದು? ಆ ಸಾಲಿನಲ್ಲಿ ನಮ್ಮದು ಎಲ್ಲಿ ನಿಲ್ಲುತ್ತದೆ?" ಎಂದು ಮಠದಲ್ಲಿ ಓದುವ ಅಡಿವೆಪ್ಪ ಕೇಳಿದ.

ಕೇಳುವುದಕ್ಕೆ ಕಾರಣವಿತ್ತು. ಅಂದು ಬೆಳಿಗ್ಗೆ ಅವನ ತಂಗಿ ನೀಲವ್ವ ಪಾಟಿ ಹಿಡಿದುಕೊಂಡು ಮಠದ ಬಾಗಿಲಿಗೆ ಬಂದಿದ್ದಳು. ತಾನೂ ಪಾಠಕ್ಕೆ ಕೂರುತ್ತೇನೆ ಎಂದಿದ್ದಳು. "ಮನೆಯಲ್ಲೇ ನಿನಗೆ ಅಕ್ಷರ ಕಲಿಸಿದ್ದೇವಲ್ಲ, ಸಾಲದೇ? ಎಷ್ಟೋ ದೇಶಗಳಲ್ಲಿ ಹುಡುಗಿಯರಿಗೆ ಅದೂ ಇಲ್ಲ" ಎಂದು ಅಡಿವೆಪ್ಪ ಅವಳನ್ನು ಬಾಗಿಲಿನಿಂದಲೇ ತಿರುಗಿಸಿ ಕಳಿಸಿದ್ದ. ಒಳಗಿದ್ದ ಗುರುಗಳಿಗೆ ಹೇಳಿರಲಿಲ್ಲ. ಆಗಿನಿಂದ ಮನಸ್ಸು ಕಚ್ಚುತ್ತಿತ್ತು. ನಮ್ಮ ದೇಶವೇ ಮುಂದು ಎಂದು ಗುರುಗಳ ಬಾಯಿಂದ ಬಂದುಬಿಟ್ಟರೆ ಅವನಿಗೆ ಸಾಕಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಂದು ಸೀಮೆಯಲ್ಲಿ ಒಬ್ಬ ಕುಂಬಾರಗಿತ್ತಿ ಇದ್ದಳು. ಕೆರೆಯಿಂದ ಮಣ್ಣು ಹೊರುವವಳು ಅವಳು, ತುಳಿದು ಹದ ಮಾಡುವವಳು ಅವಳು. ಹಸಿ ಮಡಕೆ ಬಡಿಯುವುದು, ಸುಡುವುದು, ಸಂತೆಯಲ್ಲಿ ಕೂತು ಮಾರುವುದು, ಎಲ್ಲವೂ ಅವಳದೇ. ಮಡಕೆ ಎತ್ತುವ ಚಕ್ರ, ಆ ತಿಗರಿಯ ಮುಂದೆ ಮಾತ್ರ ಕೂರುವಂತಿರಲಿಲ್ಲ. ಅದು ಗಂಡಸರ ಜಾಗ. ಹೆಣ್ಣು ಮುಟ್ಟಿದರೆ ತಿಗರಿ ಮುನಿಯುತ್ತದೆ ಎಂದು ಕುಲದ ಹಿರಿಯರು ಹೇಳುತ್ತಿದ್ದರು. ಅದು ಮುನಿದದ್ದನ್ನು ಕಂಡವರು ಯಾರೂ ಇರಲಿಲ್ಲ, ಆ ಮಾತು ಬೇರೆ.

ಒಮ್ಮೆ ಅವಳ ಗಂಡ ಜಾರಿ ಬಿದ್ದು ಬಲಗೈ ಮುರಿದುಕೊಂಡ. ಮೂಳೆ ಕೂಡಿತು, ಬೆರಳು ಮಡಿಸಲು ಬರಲಿಲ್ಲ. ತಿಗರಿ ನಿಂತಿತು. ಅಲ್ಲಿ ಒಂದು ಕಟ್ಟಳೆ ಇತ್ತು. ಯಾವ ಮನೆಯ ತಿಗರಿ ಮೂರು ತಿಂಗಳು ತಿರುಗುವುದಿಲ್ಲವೋ ಆ ಮನೆಗೆ ಕೆರೆಯ ಮಣ್ಣಿನ ಹಕ್ಕು ತಪ್ಪುತ್ತದೆ. ಮಣ್ಣು ತಪ್ಪಿದರೆ ಕುಂಬಾರರ ಮನೆಯಲ್ಲಿ ಉಳಿಯುವುದೇನು, ಬೂದಿ!

ಹತ್ತು ದಿನ ಉಳಿದಿದ್ದಾಗ ಕುಂಬಾರಗಿತ್ತಿ ಕುಲದ ಹಿರಿಯನ ಮುಂದೆ ಹೋಗಿ ನಿಂತಳು. "ತಿಗರಿಗೆ ನಾನು ಕೂರುತ್ತೇನೆ ಯಜಮಾನರೇ" ಎಂದಳು.

"ಅಯ್ಯೋ ಪುಣ್ಯಾತ್ಗಿತ್ತಿ, ನಿನಗೇನು ಕಡಿಮೆಯಾಗಿದೆ?" ಎಂದ ಹಿರಿಯ. "ಹೊಳೆಯಾಚೆಯ ಸೀಮೆಗೆ ಹೋಗಿ ನೋಡು. ಅಲ್ಲಿ ಹೆಂಗಸು ಸಂತೆಗೆ ಕಾಲಿಡುವಂತಿಲ್ಲ. ನೀನೋ, ರಾಣಿಯ ಹಾಗೆ ಕೂತು ಮಾರುತ್ತೀಯ. ಅವರ ಪಾಡು ನೋಡಿ ಬಂದು ಆಮೇಲೆ ಮಾತಾಡು."

ಹಿರಿಯ ಬಾಯಿಮಾತಿಗೆ ಹೇಳಿದ್ದ. ಇವಳು ಬುತ್ತಿ ಕಟ್ಟಿಕೊಂಡು ಹೊರಟೇಬಿಟ್ಟಳು.

ಮೂರು ದಿನ ನಡೆದಳು. ಹಿರಿಯ ಹೇಳಿದ್ದು ಸುಳ್ಳಲ್ಲ. ಅಲ್ಲಿಯ ಸಂತೆಯಲ್ಲಿ ಹುಡುಕಿದರೂ ಒಬ್ಬ ಹೆಂಗಸಿರಲಿಲ್ಲ. ಆದರೆ ಕುಂಬಾರಗೇರಿಗೆ ಬಂದು ನೋಡುತ್ತಾಳೆ, ಅಂಗಳ ಅಂಗಳದಲ್ಲೂ ತಿಗರಿ, ತಿಗರಿಯ ಮುಂದೆ ಹೆಂಗಸು. ಇವಳು ನಿಂತಲ್ಲೇ ನಿಂತಳು. ಹೊಟ್ಟೆ ಉರಿಯಿತು ಕೂಡ.

ಅಲ್ಲಿಯ ಹೆಂಗಸೊಬ್ಬಳು ಇವಳನ್ನು ಕೂರಿಸಿ ನೀರು ಕೊಟ್ಟಳು. "ಮಡಕೆಗಳನ್ನು ನೀವೇ ಸಂತೆಯಲ್ಲಿ ಕೂತು ಮಾರುತ್ತೀರಂತೆ, ಹೌದೇನಕ್ಕಾ?" ಎಂದು ಆಸೆಯಿಂದ ಕೇಳಿದಳು. "ನಮ್ಮನ್ನೂ ಬಿಡಿ ಎಂದು ನಾನೂ ಕೇಳಿದೆ. ನಮ್ಮ ಹಿರಿಯರು ಏನೆಂದರು ಗೊತ್ತೇ? ಹೊಳೆಯಾಚೆ ಹೆಂಗಸರಿಗೆ ತಿಗರಿ ಮುಟ್ಟುವುದಕ್ಕೂ ಬಿಡುವುದಿಲ್ಲ, ನೀನು ಪುಣ್ಯವಂತೆ, ಸುಮ್ಮನಿರು ಎಂದರು."

ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತಾಗ ಇವಳಿಗೆ ಸಿಟ್ಟು ಬಂದಿತ್ತು. ತಮ್ಮ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ತೋರಿಸುವ ಜನ ಹೊಳೆಯ ಎರಡು ದಡದಲ್ಲೂ ಇದ್ದರು. ಅವಳು ಆ ಹೆಂಗಸಿನ ಪಕ್ಕದಲ್ಲೇ ನಾಲ್ಕು ದಿನ ಕೂತು ಕೈ ಪಳಗಿಸಿಕೊಂಡಳು. ಮತ್ತೆ ಬಂದ ದಾರಿ ಹಿಡಿದಳು.

ಊರು ಮುಟ್ಟಿದಾಗ ಹತ್ತನೆಯ ದಿನ. ಹಿರಿಯ ಆಗಲೇ ಅವಳ ಅಂಗಳಕ್ಕೆ ಬಂದು ನಿಂತಿದ್ದ. ಮಣ್ಣಿನ ಹಕ್ಕು ತಪ್ಪಿತು ಎಂದು ಸಾರುವುದಷ್ಟೇ ಬಾಕಿ. ಕೇರಿಯೆಲ್ಲ ಸೇರಿತ್ತು.

"ನೋಡಿ ಬಂದೆಯಾ?" ಎಂದ ಹಿರಿಯ.

"ಬಂದೆ ಯಜಮಾನರೇ. ಅವರ ಹಿರಿಯರೂ ನಿಮ್ಮ ಹಾಗೆಯೇ ನೆಮ್ಮದಿಯಾಗಿದ್ದಾರೆ" ಎಂದಳು ಅವಳು. "ಆ ಸೀಮೆಗೆ ಮೂರು ದಿನದ ದಾರಿ. ನನ್ನ ತಿಗರಿಗೆ ಮೂರೇ ಹೆಜ್ಜೆ. ನೀವು ನನ್ನನ್ನು ದೂರದ್ದನ್ನು ಅಳೆಯಲು ಕಳಿಸಿದಿರಿ."

ಮೂರು ಹೆಜ್ಜೆ ಇಟ್ಟಳು. ಕೂತಳು.

ಹಿರಿಯ ದೊಣ್ಣೆ ಎತ್ತಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬುದು ಅಲ್ಲಿ ನಿಂತವರಿಗೆಲ್ಲ ಗೊತ್ತಿತ್ತು. ಆಗ ಅವಳ ಗಂಡ ಎದ್ದು ಬಂದ. ತಿಗರಿಯ ಕೋಲನ್ನು ಎಡಗೈಯಲ್ಲಿ ಹಿಡಿದು, ಚಕ್ರದ ಮೇಲಿನ ಗುಳಿಯಲ್ಲಿ ಊರಿ, ಗಿರ್ರನೆ ತಿರುಗಿಸಿದ. ಹಿರಿಯ ಕೂಗುತ್ತಲೇ ಇದ್ದ. ಅವಳು ತಲೆ ಎತ್ತಲಿಲ್ಲ. ಮೊದಲ ಮಡಕೆ ಸೊಟ್ಟಗಾಗಿ ಕುಸಿಯಿತು. ಎರಡನೆಯದೂ ಕುಸಿಯಿತು. ಗಂಡ ಮತ್ತೆ ತಿರುಗಿಸಿದ. ಮೂರನೆಯದು ನಿಂತಿತು.

ತಿಗರಿ ತಿರುಗಿದ್ದನ್ನು ಕೇರಿಯೆಲ್ಲ ಕಂಡಿತ್ತು. ಯಾರು ತಿರುಗಿಸಬೇಕು ಎಂದು ಕಟ್ಟಳೆಯಲ್ಲಿ ಇರಲಿಲ್ಲ. ಹಿರಿಯ ದೊಣ್ಣೆ ಇಳಿಸಿದ. ಮರುದಿನ ಅವಳು ಬುಟ್ಟಿ ಹಿಡಿದು ಕೆರೆಯ ಮಣ್ಣಿಗೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಪ್ಪನಿಗೆ ಬೇಕಾದ ಉತ್ತರ ಸಿಕ್ಕಿರಲಿಲ್ಲ.

"ಹಾಗಾದರೆ ಗುರುಗಳೇ, ಆ ಎರಡು ಸೀಮೆಗಳಲ್ಲಿ ಯಾವುದು ಮುಂದು?" ಎಂದು ಕೇಳಿದ.

"ಅದನ್ನು ಆಮೇಲೆ ಅಳೆಯೋಣ ಅಡಿವೆಪ್ಪ, ಬೆಳಿಗ್ಗೆ ನೀನು ತಿರುಗಿಸಿ ಕಳಿಸಿದ ತಂಗಿ ಈಗ ಎಷ್ಟು ದೂರ ಹೋಗಿರಬಹುದು?"