ಅಜ್ಜಿಯರಿಲ್ಲದ ಊರು

ಭೂಮಿಯ ಹಸಿ ಇನ್ನೂ ಆರಿರದ ಕಾಲವದು. ಆಗ ಬೆಟ್ಟವಿತ್ತು, ಹೊಳೆಯಿತ್ತು, ಗಾಳಿಯಿತ್ತು. ಅಜ್ಜಿಯರು ಮಾತ್ರ ಇರಲಿಲ್ಲ. ನಗಬೇಡ ಪುಟ್ಟಿ, ನಿಜ ಹೇಳುತ್ತಿದ್ದೇನೆ. ಕೂದಲು ಬೆಳ್ಳಗಾಗುವಷ್ಟು ದಿನ ಯಾರೂ ಬದುಕುತ್ತಲೇ ಇರಲಿಲ್ಲ. ಎಷ್ಟೋ ಕೂಸುಗಳು ಹೆಸರಿಡುವ ಮೊದಲೇ ಹೋಗಿಬಿಡುತ್ತಿದ್ದವು.

ಹೊಳೆದಂಡೆಯ ಊರಿನಲ್ಲಿ ಹೊನ್ನವ್ವ ಅಂತ ಒಬ್ಬ ಸೂಲಗಿತ್ತಿ ಇದ್ದಳು. ಊರಿನ ಹೆರಿಗೆಯೆಲ್ಲ ಅವಳದೇ ಕೈಯಲ್ಲಿ. ಹುಲ್ಲು ಕೊಯ್ಯುವ ಕುಡುಗೋಲನ್ನೇ ಸೆರಗಿಗೆ ಒರೆಸಿಕೊಂಡು ಹೊಕ್ಕುಳಬಳ್ಳಿ ಕೊಯ್ಯುತ್ತಿದ್ದಳು. ತಂಗಿ ನಿಂಗವ್ವನ ಮೂರು ಹೆರಿಗೆಯನ್ನೂ ಅವಳೇ ಮಾಡಿಸಿದ್ದಳು. ಮೂರು ಕೂಸುಗಳಲ್ಲಿ ಒಂದೂ ವಾರ ಬಾಳಲಿಲ್ಲ. ಈಗ ನಿಂಗವ್ವನಿಗೆ ಮತ್ತೆ ಹೆರಿಗೆ ನೋವು ಶುರುವಾಗಿತ್ತು.

"ಅಕ್ಕಾ, ಇದಾದ್ರೂ ಉಳಿತೈತೇನ?" ಅಂದಳು ನಿಂಗವ್ವ.

ಹೊನ್ನವ್ವ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗಡಿಗೆ ಹಿಡಿದು ಹೊಳೆಗೆ ಓಡಿದಳು. "ಯವ್ವಾ, ಕೂಸುಗಳನ್ನ ಯಾರು ಒಯ್ಯಾಕತ್ತಾರ?" ಎಂದು ನೀರನ್ನು ಕೇಳಿದಳು.

ನೀರು ಹೇಳಿತು, "ನೊಂದುಕೊಳ್ಳಬೇಡ ಮಗಳೇ. ಕಣ್ಣಿಗೆ ಕಾಣದ ಸಣ್ಣ ಸಣ್ಣ ಜೀವಿಗಳಿವೆ. ಅವು ನಿನ್ನ ಕುಡುಗೋಲಿನ ಮೇಲೆ ಕೂತು ಬರುತ್ತವೆ."

"ಅಂದ್ರ ನನ್ನ ಕೈಯಿಂದನ?"

ಹೊನ್ನವ್ವ ಮರಳಿನ ಮೇಲೆ ಕುಸಿದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಕುಡುಗೋಲು ಚಾಚಿದಳು. "ತೊಳೆದು ಕೊಡವ್ವಾ."

"ನನ್ನೊಳಗೂ ಅವು ಈಜಾಡುತ್ತವೆ. ಬೆಂಕಿಯನ್ನು ಕೇಳು," ಎಂದಿತು ನೀರು.

ಗಡಿಗೆಯಲ್ಲಿ ನೀರು ತುಂಬಿಕೊಂಡು ಹೊನ್ನವ್ವ ಅಂಗಳದ ಬೆಂಕಿಯ ಬಳಿ ಬಂದು ಕುಡುಗೋಲು ಚಾಚಿದಳು.

"ಕುಡುಗೋಲನ್ನೇನೋ ಸುಟ್ಟೇನು. ಆದರೆ ಆ ಜೀವಿಗಳು ನಿನ್ನ ಕೈಗೂ ಕೂಸಿನ ಬಟ್ಟೆಗೂ ಅಂಟಿವೆ. ಕೈ, ಬಟ್ಟೆ ಸುಡಲಾದೀತೆ? ಅದಕ್ಕೆ ಕಾದ ನೀರೇ ಬೇಕು," ಎಂದಿತು ಬೆಂಕಿ. "ಆದರೆ ಆ ನೀರಿನ ಜೊತೆ ನಾನು ಕೂರಲಾರೆ. ಮೈಮೇಲೆ ಬಿದ್ದರೆ ಆರಿಯೇ ಹೋಗುತ್ತೇನೆ."

"ನಾನೂ ಕೂರಲಾರೆ. ಆವಿಯಾಗಿ ಹೋಗುತ್ತೇನೆ," ಎಂದು ನೀರೂ ಮುನಿಸಿಕೊಂಡಿತು.

ಹೊನ್ನವ್ವನಿಗೆ ಸಿಟ್ಟು ನೆತ್ತಿಗೇರಿತು. "ನೀವಿಬ್ರೂ ಜಗಳಾಡ್ಕೋತ ಕೂಡ್ರಿ! ಒಳಗ ನನ್ನ ತಂಗಿ ಬ್ಯಾನಿ ತಿನ್ನಾಕತ್ತಾಳ!"

ಮೂರು ಕಲ್ಲು ಹೂಡಿ ಗಡಿಗೆಯನ್ನು ಎತ್ತಿ ಅದರ ಮೇಲಿಟ್ಟಳು. ಕೆಳಗೆ ಬೆಂಕಿ, ಒಳಗೆ ನೀರು, ನಡುವೆ ಮಣ್ಣಿನ ಗಡಿಗೆ. ನೀರು ಗೊಣಗಿತು, ಗುಳುಗುಳು ಎಂದಿತು, ಕೊನೆಗೆ ಕೊತಕೊತ ಕುದಿಯಿತು. ಕುಡುಗೋಲು ಅದರಲ್ಲಿ ಮುಳುಗಿ ಬೆಂದಿತು. ಬಟ್ಟೆಯೂ ಬೆಂದಿತು. ಆರಿದ ನೀರಿನಲ್ಲಿ ಹೊನ್ನವ್ವ ಮೊಣಕೈತನಕ ತೊಳೆದುಕೊಂಡಳು.

ಹೆಣ್ಣುಕೂಸು ಹುಟ್ಟಿತು. ಅಕ್ಕತಂಗಿಯರು ಒಂದೊಂದು ದಿನವನ್ನೂ ಉಸಿರು ಬಿಗಿಹಿಡಿದು ಕಳೆದರು. ವಾರ ದಾಟಿತು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿ ಬಾಳವ್ವ ಎಂದು ಹೆಸರಿಟ್ಟರು. ಅಂದಿನಿಂದ ಹೊನ್ನವ್ವ ಮನೆಮನೆಗೆ ಹೋಗಿ ಮೂರು ಕಲ್ಲು ಹೂಡಿಸಿದಳು. ಆ ಮೂರು ಕೂಸುಗಳನ್ನು ಮಾತ್ರ ಅವಳು ಸಾಯುವತನಕ ಮರೆಯಲಿಲ್ಲ.

ಬಾಳವ್ವ ಬೆಳೆದಳು, ಹೆತ್ತಳು, ಸೊಸೆಯನ್ನೂ ತಂದಳು. ಒಂದು ದಿನ ಅವಳ ತಲೆ ಬೆಳ್ಳಗಾಯಿತು. ಊರವರಿಗೆ ಗಾಬರಿ. "ತಲಿ ಮ್ಯಾಲೆ ಬೂದಿ ಬಿದ್ದೈತಿ!" ಎಂದು ಕೊಡವಲು ಬಂದರು. ಎಷ್ಟು ಕೊಡವಿದರೂ ಹೋಗಲಿಲ್ಲ. ಮೊಮ್ಮಕ್ಕಳು ಅದ್ಯಾವುದನ್ನೂ ಕೇಳದೆ ಅವಳ ಮಡಿಲೇರಿ ಕೂತರು.

ಒಲೆಯ ಮೇಲಿನ ನೀರು ಇವತ್ತಿಗೂ ಕುದಿಯುವ ಮುಂಚೆ ಗೊಣಗುತ್ತದೆ, ಕಿವಿಗೊಟ್ಟು ಕೇಳು ಪುಟ್ಟಿ. ಹಾಗೆ ಗೊಣಗಿಕೊಂಡಾದರೂ ಅದು ಬೆಂಕಿಯ ಮೇಲೆ ಕೂತಿದ್ದರಿಂದಲೇ ನಿನಗೆ ಕಥೆ ಹೇಳಲು ನಿನ್ನಜ್ಜಿ ನಾನಿದ್ದೇನೆ, ಒಳಕೋಣೆಯಲ್ಲಿ ಗೊರಕೆ ಹೊಡೆಯುತ್ತ ನನ್ನವ್ವನೂ ಇದ್ದಾಳೆ.