ಸುಂಕವ್ವ ಹೊಳೆಗೆ ಬಿಟ್ಟ ಸೋರೆಬುರುಡೆ

ಬಹಳ ಬಹಳ ಹಿಂದೆ, ನಮ್ಮ ಅಜ್ಜಿಯ ಅಜ್ಜಿಯೂ ಕೇಳಿಯಷ್ಟೇ ಬಲ್ಲ ಕಾಲದಲ್ಲಿ, ಕೆಂಗಲ್ಲಟ್ಟಿ ಎಂಬ ಒಂದೂರಿತ್ತಂತೆ. ಆ ಊರಿನ ಅಂಬಿಗರ ಮಗಳು ಸುಂಕವ್ವ. ಅವಳ ಕೈಲಿ ಹರಿಗೋಲು ನಡೆಸುವುದು ಆಗುವುದೇ ಇಲ್ಲ ಅಂದವನು ಹೊರಗಿನವನಲ್ಲ, ಹೆತ್ತಪ್ಪ ಜಟ್ಟೆಪ್ಪ. ಗಂಡ ಸತ್ತು ಅವಳು ತವರಿಗೆ ಬಂದ ದಿನ ಅಂದ. ಅವಳು ತಾನೇ ಬಿದಿರು ಸೀಳಿ, ಬುಟ್ಟಿ ಹೆಣೆದು, ಎಮ್ಮೆಯ ತೊಗಲು ಹೊದಿಸಿ ಹರಿಗೋಲು ಕಟ್ಟಿ ನಿಲ್ಲಿಸಿದ ದಿನವೂ ಅಂದ.

“ತೇಲೋದೇನೋ ತೇಲತೈತಿ. ಸತ್ತ ನಾಯಿನೂ ತೇಲತೈತಿ.”

ಹರಿಗೋಲು ಕಟ್ಟುವ ಹೊಳೆಯ ಘಟ್ಟದಲ್ಲಿ ನಿಂತವರೆಲ್ಲ ನಕ್ಕರಂತೆ.

ಆ ಊರ ಸುತ್ತ ಮರವಿಲ್ಲ, ಮಣ್ಣಿಲ್ಲ. ಸುಟ್ಟ ಇಟ್ಟಿಗೆಯ ಬಣ್ಣದ ಬಂಡೆ, ಬಂಡೆಯ ಸಂದಿಯಲ್ಲಿ ಪಾಪಾಸುಕಳ್ಳಿ. ಆ ಬಂಡೆಗಳನ್ನು ಸೀಳಿಕೊಂಡು ಹೊಳೆ ಆಳದ ಕೊರಕಲಿಗೆ ಇಳಿಯುತ್ತಿತ್ತು. ಗುಂಡುಕಲ್ಲುಗಳ ಮೇಲೆ ಹಾರಿ, ಸುಳಿ ಸುತ್ತಿ, ನೊರೆ ಕಾರುತ್ತ ಕೆಳಗಿನ ಊರಾದ ಮಳಲಟ್ಟಿಯಲ್ಲಿ ಹೊರಗೆ ಬರುತ್ತಿತ್ತು. ಹೇರು ಹೊತ್ತು ಸುತ್ತುಹಾಕಿ ನಡೆದರೆ ಮೂರು ದಿನ, ದಾರಿಯಲ್ಲಿ ತೊಟ್ಟು ನೀರಿಲ್ಲ. ಹರಿಗೋಲಿನಲ್ಲಿ ಅರ್ಧ ದಿನ. ಮಳೆಗಾಲದ ನೆರೆ ಇಳಿದ ಮೇಲೆ ಯಾರ ಹರಿಗೋಲು ಮೊದಲು ಉಪ್ಪು ಹೊತ್ತು ಮಳಲಟ್ಟಿ ಮುಟ್ಟುವುದೋ, ಮುಂದಿನ ಮಳೆಯ ತನಕ ಘಟ್ಟ ಅವರದು. ಉಳಿದವರು ಅವರ ಕೈಕೆಳಗೆ. ಅದು ಅಂಬಿಗರ ಕಟ್ಟಳೆ.

ಯಾವ ಗುಂಡಿನ ಎಡಕ್ಕೆ ಹೋಗಬೇಕು, ಯಾವ ಸುಳಿಯಿಂದ ದೂರ ಸರಿಯಬೇಕು ಎಂಬುದಕ್ಕೆ ಅವರದೊಂದು ಹಾಡಿತ್ತಂತೆ. ಅಪ್ಪ ಮಗನಿಗೆ ಹೇಳಿಕೊಡುವ ಹಾಡು, ಹೆಣ್ಣುಮಕ್ಕಳು ಹತ್ತಿರ ಬಂದರೆ ನಿಲ್ಲಿಸುವ ಹಾಡು. ಸುಂಕವ್ವ ಅದನ್ನು ಕೇಳಿಕೊಂಡು ಹೋಗಲೂ ಇಲ್ಲ. ಹಾಡು ಕಟ್ಟಿದಾಗ ಇದ್ದ ಕಲ್ಲು ಇನ್ನೂ ಅಲ್ಲೇ ಕೂತಿವೆಯೇ ಎಂದು ಅವಳಿಗೆ ಗುಮಾನಿ. ಒಂದೊಂದು ನೆರೆಗೂ ಬಂಡೆ ಉರುಳುತ್ತವೆ, ಮರಳು ತುಂಬುತ್ತದೆ, ಹೊಳೆ ಮಗ್ಗಲು ಬದಲಿಸುತ್ತದೆ. ಹೊಳೆಯನ್ನು ಅವಳು ಒಂದು ದಿನವೂ ನಂಬಲಿಲ್ಲವಂತೆ. ಒಣಗಿದ ಸೋರೆಬುರುಡೆಗೆ ಒಂದಿಷ್ಟು ಕಲ್ಲು ತುಂಬಿ, ಬಾಯಿಗೆ ಅರಗು ಮೆತ್ತಿ ನೀರಿಗೆ ಬಿಡುವಳು. ಆಡು ಹತ್ತುವ ಬಂಡೆಗಳ ನೆತ್ತಿಯ ಮೇಲೆ ಓಡುತ್ತ, ಬುರುಡೆ ಎಲ್ಲಿ ಮುಳುಗಿತು, ಎಲ್ಲಿ ಎದ್ದಿತು ಎಂದು ನೋಡುವಳು.

ಹೊಳೆಯ ಮೇಲೆ ಅವಳಿಗೆ ಗುಮಾನಿ, ಅವಳ ಮೇಲೆ ಊರಿಗೆ ಗುಮಾನಿ. ಮಾಟ ಮಾಡುತ್ತಾಳೆ ಅಂದರು. ಬುರುಡೆಯೊಳಗೆ ಕೂದಲಿದೆ ಅಂದರು. ಒಂದನ್ನು ಹಿಡಿದು ಒಡೆದು ನೋಡಿದರೆ ಬರೀ ಕಲ್ಲು. ಬರೀ ಕಲ್ಲಿದ್ದದ್ದಕ್ಕೆ ಗುಮಾನಿ ಇನ್ನೂ ಹೆಚ್ಚಿತಂತೆ.

ಒಂದು ವರ್ಷ ನೆರೆ ದೊಡ್ಡದಾಗಿ ಬಂತು. ಏಳು ದಿನ ಕೊರಕಲು ಗುಡುಗಿತು ಎನ್ನುತ್ತಾರೆ. ಹದಿನಾಲ್ಕು ದಿನ ಎನ್ನುವವರೂ ಇದ್ದಾರೆ. ನೀರು ಇಳಿದಾಗ ಘಟ್ಟಕ್ಕೆ ಬಂದದ್ದು ಎರಡೇ ಹರಿಗೋಲು. ಮುಂದೆ ಜಟ್ಟೆಪ್ಪನದು, ಹಿಂದೆ ಸುಂಕವ್ವನದು. ಅವಳು ಆಗಲೇ ಮೂರು ಬುರುಡೆ ಬಿಟ್ಟು ನೋಡಿ ಬಂದಿದ್ದಳು. ಎಡಕ್ಕೆ ಬಿಟ್ಟದ್ದು ಕಲ್ಲಿಗೆ ಬಡಿದು ಚೂರಾಯಿತು. ನಡುವೆ, ಅಂದರೆ ಹಾಡಿನ ದಾರಿಯಲ್ಲಿ, ಬಿಟ್ಟದ್ದು ಒಂದು ಬಂಡೆಯ ಬುಡಕ್ಕೆ ಹೊಕ್ಕು ಮತ್ತೆ ಏಳಲೇ ಇಲ್ಲ. ಬಲಕ್ಕೆ ಬಿಟ್ಟದ್ದೊಂದೇ ದಾಟಿತು.

“ಅಪ್ಪಾ, ನಡುವ ಹೋಗಬ್ಯಾಡ. ನೀರು ಬಂಡೆ ಬುಡಕ್ಕ ಹೊಕ್ಕೈತಿ,” ಅಂದಳು.

ಜಟ್ಟೆಪ್ಪ ಅವಳ ಉಪ್ಪಿನ ಚೀಲ ನೋಡಿದ, ಅವಳ ಮುಖ ನೋಡಿದ. “ಹೌದವ್ವಾ, ಹೌದು. ನಾ ಇಲ್ಲೇ ಕುಂತಿರತೀನಿ, ನೀ ಹೋಗಿ ಘಟ್ಟ ತಗೋ!”

ಜನ ನಕ್ಕರು. ನಗು ಅಡಗಿದ ಮೇಲೆ ಅವನು ದನಿ ತಗ್ಗಿಸಿ, “ಹಂಗಾದ್ರ ಎತ್ತಾಗ ಹೋಗಬೇಕು, ಹೇಳು,” ಎಂದು ಕೇಳಿದನಂತೆ. ಅವನು ಕೇಳಿದ್ದು ನಿಜ ಎಂದು ಎಲ್ಲರೂ ಹೇಳುತ್ತಾರೆ.

ಬಲಕ್ಕೆ ಎಂಬ ಮಾತು ಅವಳ ನಾಲಿಗೆಯ ಮೇಲೇ ಇತ್ತು. ಆದರೆ ಅದನ್ನು ಅಂದರೆ ಮುಂದಿರುವ ಅವನ ಹರಿಗೋಲೇ ಮೊದಲು ಮುಟ್ಟುವುದು. ಘಟ್ಟ ಅವನದಾಗುವುದು. ಈ ಜನ ಇನ್ನೊಂದು ವರ್ಷ ಹೀಗೇ ನಗುವರು.

“ಹಾಡು ಐತಲ್ಲ. ಅದನ್ನ ಕೇಳು,” ಅಂದಳು.

ಅವನು ಹಾಡುತ್ತಲೇ ಹೊರಟ. ಕೊರಕಲಿನ ಎರಡೂ ಗೋಡೆ ಹಾಡನ್ನು ಹಿಂದಕ್ಕೆ ಕಳಿಸುತ್ತಿದ್ದವಂತೆ. ಸುಂಕವ್ವ ಹಿಂದೆ ಬಂದು ಬಲಕ್ಕೆ ಹುಟ್ಟು ಹಾಕಿದಳು. ಆ ಬಂಡೆ ಕಾಣುತ್ತಲೇ ಅವಳ ಹಟ ಮುರಿಯಿತು. “ಬಲಕ್ಕ! ಅಪ್ಪಾ, ಬಲಕ್ಕ!” ಎಂದು ಗಂಟಲು ಹರಿಯುವಂತೆ ಕೂಗಿದಳು. ಅಷ್ಟರಲ್ಲಿ ಹಾಡು ನಿಂತಿತ್ತು.

ಮಳಲಟ್ಟಿಯವರು ಮೊದಲು ಬಂದವಳ ಹಣೆಗೆ ಅರಿಸಿನದ ಭಂಡಾರ ಹಚ್ಚಿದರು. ಅವಳು ಹೊಳೆಯ ಕಡೆ ಮುಖ ಮಾಡಿ ಕೂತಳು. ಮೂರನೆಯ ದಿನ ಅಪ್ಪನ ಹರಿಗೋಲಿನ ಒಂದು ತುಂಡು ತೊಗಲು ತೇಲಿ ಬಂತು.

ಅವಳು ಬೇಕೆಂದೇ ಹೇಳಲಿಲ್ಲ ಎನ್ನುವವರಿದ್ದಾರೆ. ಹೇಳಿದ್ದರೂ ಅವನು ನಂಬುತ್ತಿರಲಿಲ್ಲ ಎನ್ನುವವರೂ ಇದ್ದಾರೆ.

ಇಂದಿಗೂ ಆ ಕಡೆಯ ಅಂಬಿಗರು ನೀರಿಗೆ ಇಳಿಯುವ ಮುಂಚೆ, ತಾವು ಕಂಡುಕೊಂಡ ದಾರಿಯನ್ನು ಪಕ್ಕದ ಹರಿಗೋಲಿನವನಿಗೆ ಗಟ್ಟಿಯಾಗಿ ಹೇಳುತ್ತಾರೆ. ಜಗಳವಾಡಿ ಮಾತು ಬಿಟ್ಟವರು ಮುಖ ಆಚೆ ತಿರುಗಿಸಿಕೊಂಡಾದರೂ ಹೇಳುತ್ತಾರೆ. ಕೇಳಿದವನು ನಂಬಲೇಬೇಕೆಂದಿಲ್ಲ, ಹೇಳದೆ ಮಾತ್ರ ಯಾರೂ ಹೊರಡುವಂತಿಲ್ಲ.

ಆ ಘಟ್ಟಕ್ಕೆ ಸುಂಕವ್ವನ ಘಟ್ಟ ಎಂದೇ ಹೆಸರು. ಅಲ್ಲಿನ ಕಲ್ಲುಮೆಟ್ಟಿಲು, ಹರಿಗೋಲು ಕಟ್ಟುವ ಗೂಟ, ನೆರೆ ಇಳಿದ ಮೇಲಿನ ಮೊದಲ ಹೇರು, ಎಲ್ಲವೂ ಅವಳದೇ. ಅದಕ್ಕೆ ಅವಳು ತೆತ್ತದ್ದು ಅಪ್ಪನನ್ನು.