ಮೊದಲು ನಿಂತ ಓಲೆ

ಬಾ ಮಗ, ಆ ಕಂಬಕ್ಕೆ ಒರಗಿ ಕೂತ್ಕೊ. ನಡುವೆ ಎದ್ದು ಹೋಗಬಾರದು, ಈ ಕತೆಗೆ ಅದೇ ಪಥ್ಯ.

ಹೊನ್ನಗಿರಿಯಲ್ಲಿ ಡಂಗುರ ಬಿತ್ತು: "ಕೇಳ್ರಪ್ಪೋ, ದೊರೆ ಸಿಂಗರಾಯರ ಕತೆಯಾಟ ಸತ್ತಿದೆ. ಮೂರು ಒಗಟು ಬಿಡಿಸಿ ಅದನ್ನು ಕೊಂದವರನ್ನು ತೋರಿಸಿದರೆ ಕೇಳಿದ್ದು ಕೊಡ್ತಾರೆ. ತಪ್ಪಿದವರ ತಲೆ ಅಮಾವಾಸ್ಯೆಗೆ ಹೋಗ್ತದೆ."

ಆಟ ಏನಂದರೆ, ಹನ್ನೆರಡು ಊರಿನ ಪಾಳೇಗಾರರು ಒಂದೊಂದು ವೇಷ ಹಿಡಿದು, ಕೂತಲ್ಲೇ ತಮ್ಮ ಪಾಲಿನ ಕತೆ ಬರೆದು ಕಳಿಸೋದು. ಕತೆ ನಡೆಸುವವನು ದೊರೆ. ಓಲೆ ಹೊತ್ತು ಓಡುವವನು ಚಿಕ್ಕೀರ. ಅವನಿಗೆ ಅಕ್ಷರ ಬಾರದು, ಓದಿಸಿ ಕೇಳುತ್ತಿದ್ದ. ಕತೆಯ ಹುಡುಗಿ ಹರಿಗೋಲು ಹತ್ತಿ ನಡುಹೊಳೆಗೆ ಬಂದಾಗ ಆಟ ನಿಂತಿತ್ತು.

"ಹನ್ನೆರಡು ಜನ ಹೊರಟು ನಿಂತರು. ಮುಳ್ಳು ಚುಚ್ಚಲಿಲ್ಲ, ದಾರಿ ತಪ್ಪಲಿಲ್ಲ. ಆದರೂ ಯಾರೂ ಹೆಜ್ಜೆ ಇಡಲಿಲ್ಲ. ತಡೆದದ್ದೇನು?" ಅಂತ ಸಭೆಯಲ್ಲಿ ಮೊದಲ ಒಗಟು ಹಾಕಿದ ದೊರೆ.

"ಗ್ರಹಗತಿ" ಅಂದರು ಆಸ್ಥಾನದ ಪಂಡಿತರು. ಸೆರೆಗೆ ಹೋದರು. "ಶತ್ರುಗಳ ಮಾಟ" ಅಂದ ದಳವಾಯಿ. ಅವನೂ ಹೋದ.

ಚಿಕ್ಕೀರ ಮುಂದೆ ಬಂದ. "ಕಾಯೋದು, ಬುದ್ಧಿ. ಪ್ರತಿ ಬಾಗಿಲಲ್ಲೂ ಒಂದೇ ಮಾತು, ಅವರದು ಬರಲಿ, ಆಮೇಲೆ ನಂದು."

ದೊರೆಯ ಹುಬ್ಬು ಮೇಲೇರಿತು. "ಮದುವೆಗೆ ಬಂದವರೆಲ್ಲ ಮದುಮಕ್ಕಳೇ. ಹಸಿದು ಎದ್ದರು. ಯಾಕೆ?"

"ಬಡಿಸೋರಿಲ್ಲ. ನಿಮ್ಮ ಹನ್ನೆರಡು ಮಂದಿಯೂ ಹುಲಿ ಕೊಂದ ವೀರರೇ. 'ಆಮೇಲೇನಾಯ್ತಣ್ಣ' ಅಂತ ಕೇಳೋ ವೇಷ ಯಾರೂ ಕಟ್ಟಲಿಲ್ಲ."

"ಎತ್ತು ಗಟ್ಟಿ, ಚಕ್ರ ಗಟ್ಟಿ, ಗಾಡಿ ನಿಂತಿದೆ. ಮೊದಲು ಇಳಿದು ಹೋದವನು ಯಾರು?"

"ಗಾಡಿ ಹೊಡೆಯೋನು. ನೀವೇ, ಬುದ್ಧಿ."

ದೊರೆ ಪೀಠದಿಂದ ಮುಂದಕ್ಕೆ ಬಾಗಿದ. "ತಲೆ ಭಾರವಾಯ್ತೇನೋ ನಿನಗೆ?"

"ನನ್ನ ಓಲೆಚೀಲ ಹಗುರಾಯ್ತು, ಅದಕ್ಕೇ ಗೊತ್ತು. ಮೊದಲು ನಿಂತದ್ದು ಅರಮನೆಯ ಓಲೆ. ಹೊಸ ಬೇಟೆನಾಯಿ ಬಂತು, ನೀವು ಕಾಡು ಸೇರಿದಿರಿ. ಆಟ ಬಿಟ್ಟೆ ಅಂತ ಒಂದು ಮಾತು ಹೇಳಲಿಲ್ಲ. ಮೂರು ತಿಂಗಳು ಹನ್ನೆರಡು ಬಾಗಿಲಲ್ಲಿ 'ನಾಳೆ ಬರ್ತದೆ' ಅಂತ ನಿಮ್ಮ ಪರವಾಗಿ ಸುಳ್ಳು ಹೇಳಿದೋನು ನಾನು. ತಲೆ ಬೇಕಾದರೆ ತಗೊಳ್ಳಿ. ಉತ್ತರ ಬದಲಾಗಲ್ಲ."

ದೊರೆ ತನ್ನ ಉಂಗುರ ತಿರುಗಿಸಿದ. "ಮೂರೂ ಸರಿ. ಅರ್ಧ ರಾಜ್ಯ ಬೇಕೇನೋ?"

"ಸೆರೆಯಲ್ಲಿರೋರ ತಲೆ ಉಳಿಸಿ. ಆ ಹುಡುಗಿ ಇನ್ನೂ ನಡುಹೊಳೆಯಲ್ಲಿದಾಳೆ. ಈಗ ಬರೀರಿ. ಬರೆಯೋ ತನಕ ನಾನು ಇಲ್ಲಿಂದ ಕದಲಲ್ಲ."

ದೊರೆ ಓಲೆ ಬರೆಯುವ ಕಂಠ ತರಿಸಿ ಬರೆಯಲು ಕೂತ.

ಪಂಡಿತರು ಮನೆ ಸೇರಿ ಗ್ರಹಗಳ ಸುದ್ದಿ ಬಿಟ್ಟರು. ದಳವಾಯಿ ಆಟ ಸೇರಿ, 'ಆಮೇಲೇನಾಯ್ತಣ್ಣ' ಅನ್ನೋ ವೇಷ ಕಟ್ಟಿ ಎಲ್ಲರಿಗಿಂತ ಹೆಸರಾದ. ಆಟ ಬಿಡುವವರು ಹೇಳಿದ ಮೇಲೇ ಬಿಡಬೇಕೆಂದು ದೊರೆ ಕಟ್ಟಳೆ ಮಾಡಿ, ಮೊದಲ ಸಹಿ ತಾನೇ ಹಾಕಿದ. ಚಿಕ್ಕೀರನಿಗೆ, ಬಾಯಲ್ಲಿ ಹೇಳಿ ಬರೆಸಲು, ಕತೆಯೊಳಗೆ ಅಂಬಿಗನ ವೇಷ ಸಿಕ್ಕಿತು. ಆ ಹುಡುಗಿ, ಅವನ ಕೈ ಹಿಡಿದು ದಡ ಹತ್ತಿ, ಸೆರಗು ಹಿಂಡಿಕೊಂಡು ಮುಂದೆ ನಡೆದಳು.